ಬೋರಲು ಬುಟ್ಟಿ

“ಸಾಹೇಬ್ರೇ, ಹನ್ನೆರಡು ತಕ್ಕಡಿಯ ಆರ್ಡರು ಹತ್ತು ಗಂಟೆಗೆ ಉಳಿಯುತ್ತೆ, ಇಲ್ಲಾ ಕೈಬಿಟ್ಟು ಹೋಗುತ್ತೆ. ನನ್ನ ಪ್ರೋಗ್ರಾಮು ರಿಸೀವ್ ಅನ್ನೋ ಸಾಲಿನಲ್ಲಿ ನಿಂತುಬಿಟ್ಟಿದೆ. ತಪ್ಪಾಗಿದೆ ಅಂತಲೂ ಹೇಳಲ್ಲ, ಮುಂದಕ್ಕೂ ಹೋಗಲ್ಲ. ಅದನ್ನ ಎಬ್ಬಿಸೋದು ಹೇಗೆ?”

ಕೇಳಿದವಳು ನೇತ್ರಾವತಿ. ಆಗ ಬೆಳಗ್ಗೆ ಏಳು ಗಂಟೆ. ರಹಮತ್ ಸಾಹೇಬರು ಅಂಗಡಿಯ ಬಾಗಿಲು ತೆಗೆದು ಇನ್ನೂ ಮೊದಲನೆಯ ಚಹಾ ಮುಗಿಸಿರಲಿಲ್ಲ.

ಸಾಹೇಬರು ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿಗೆ ಮೂವತ್ತು ವರ್ಷ ತಕ್ಕಡಿ ಮಾರಿದವರು. ಕಬ್ಬಿಣದ ತಕ್ಕಡಿ ಹೋಗಿ ಕರೆಂಟಿನ ತಕ್ಕಡಿ ಬಂದಾಗ ಅದನ್ನು ಕಲಿತರು. ತಕ್ಕಡಿಗಳು ತಂತಿಯ ಮೇಲೆ ಕಂಪ್ಯೂಟರಿನೊಡನೆ ಮಾತಾಡತೊಡಗಿದಾಗ ಸಿ ಭಾಷೆ ಕಲಿತರು. ಮಾರಬೇಕಾದರೆ ಕಲಿಯಬೇಕು ಎನ್ನುವುದರಾಚೆಗೆ ಅವರು ಅದಕ್ಕೆ ಬೇರೆ ಕಾರಣ ಕೊಡುತ್ತಿರಲಿಲ್ಲ. ಅವರ ಬಳಿ ಆರು ಮಂದಿ ವಿದ್ಯೆ ಕಲಿತಿದ್ದರು. ನೇತ್ರಾವತಿ ಆರನೆಯವಳು.

ಮಾರುಕಟ್ಟೆಯವರ ಷರತ್ತು ಸಣ್ಣದು. ರೈತರು ತಂದ ಗೂಡನ್ನು ತಕ್ಕಡಿಗೆ ಇಟ್ಟರೆ ತೂಕ ತಾನಾಗಿಯೇ ಕಚೇರಿಯ ಕಂಪ್ಯೂಟರಿಗೆ ಹೋಗಬೇಕು. ಒಂದು ಲಾಟಿನ, ಅಂದರೆ ಒಬ್ಬ ರೈತ ತಂದ ಗೂಡಿನ, ಬುಟ್ಟಿಗಳೆಲ್ಲ ತೂಗಿಯಾದ ಮೇಲೆ ‘ತಲುಪಿತು’ ಎಂಬ ಉತ್ತರ ತಕ್ಕಡಿಗೆ ಬರಬೇಕು. ಆಗ ಮುಂದಿನ ಲಾಟು. ಹತ್ತು ಗಂಟೆಗೆ ಹರಾಜಿನ ಗಂಟೆ ಹೊಡೆದಾಗ ನಿಜವಾದ ಗೂಡಿನ ಮೇಲೆ ಇದನ್ನು ಮಾಡಿ ತೋರಿಸಬೇಕು. ನಿಂತರೆ ಮತ್ತೆ ಕಾಗದ, ಪೆನ್ನು, ಆರ್ಡರು ಬೇರೆಯವರಿಗೆ. ಮಾರುಕಟ್ಟೆಗೆ ಕಾಯುವ ಪುರುಸೊತ್ತಿಲ್ಲ. ತೂಕವಾಗದ ಗೂಡು ಬಿಸಿಲೇರಿದಂತೆ ಹಗುರಾಗುತ್ತದೆ.

ಮೊದಲು ಏನೇನು ಮಾಡಿದೆ ಹೇಳು ಎಂದರು ಸಾಹೇಬರು. ಶಿಷ್ಯರಿಂದ ಅವರು ಪಡೆಯುತ್ತಿದ್ದ ದಕ್ಷಿಣೆ ಅದೊಂದೇ.

ನೇತ್ರಾವತಿ ಹೇಳಿದಳು. ಮೊದಲು ತಂತಿ ಕೆಟ್ಟಿದೆ ಎಂದು ತಂತಿ ಬದಲಾಯಿಸಿದಳು. ಆಮೇಲೆ ಬಂದದ್ದನ್ನು ಹಿಡಿದಿಡುವ ಜಾಗ ಚಿಕ್ಕದಾಯಿತೆಂದು ನಾಲ್ಕರಷ್ಟು ದೊಡ್ಡದು ಮಾಡಿದಳು. ಆಮೇಲೆ ಐದು ಸೆಕೆಂಡಿಗೊಮ್ಮೆ ರಿಸೀವನ್ನು ಎಬ್ಬಿಸುವ ಏರ್ಪಾಟು ಮಾಡಿದಳು. ಅದು ಐದು ಸೆಕೆಂಡಿಗೊಮ್ಮೆ ಎದ್ದು, ಏನೂ ಬಂದಿಲ್ಲ ಎಂದು ಹೇಳಿ, ಮತ್ತೆ ಕಾಯಲು ಕೂತುಕೊಂಡಿತು. ಕೊನೆಗೆ ತಂತಿಯ ಮೇಲೆ ಹೋಗುವುದನ್ನೆಲ್ಲ ತೋರಿಸುವ ಸಾಧನ ಹಾಕಿ ನೋಡಿದಳು. ಲಾಟಿನ ಬುಟ್ಟಿಗಳ ತೂಕವೆಲ್ಲ ಒಂದೂ ಬಿಡದೆ ಬಂದು ಸೇರಿತ್ತು. ಆದರೂ ರಿಸೀವ್ ಕೂತೇ ಇತ್ತು.

ರಿಸೀವ್ ಎಂದರೆ ತಂತಿಯ ಆ ತುದಿಯಿಂದ ಬರುವುದನ್ನು ತೆಗೆದುಕೊಳ್ಳುವ ಸಾಲು. ಬಂದರೆ ತೆಗೆದುಕೊಡುತ್ತದೆ. ಬರದಿದ್ದರೆ ಬರುವವರೆಗೆ ಕಾಯುತ್ತದೆ. ಇನ್ನು ಕಳಿಸುವುದಿಲ್ಲ ಎಂದು ಆ ತುದಿ ತಿಳಿಸಿದರೆ ಮಾತ್ರ ಸೊನ್ನೆ ಕೊಟ್ಟು ಎದ್ದು ಬರುತ್ತದೆ. ಸೊನ್ನೆ ಬರುವವರೆಗೂ ತೆಗೆದುಕೊಳ್ಳುತ್ತಿರು, ಸೊನ್ನೆ ಬಂದಮೇಲೆ ತಲುಪಿತು ಎಂದು ಹೇಳು ಎಂದು ನೇತ್ರಾವತಿ ಕಚೇರಿಯ ಪ್ರೋಗ್ರಾಮಿನಲ್ಲಿ ಬರೆದಿದ್ದಳು.

“ಸರಿ. ತಕ್ಕಡಿ ಈಗ ಏನು ಮಾಡ್ತಾ ಇದೆ?” ಎಂದರು ಸಾಹೇಬರು.

“ತಕ್ಕಡಿ ಕಡೆ ಏನೂ ತೊಂದರೆ ಇಲ್ಲ, ಸಾಹೇಬ್ರೇ. ಅದು ಮೂರು ತಿಂಗಳ ಹಿಂದೆಯೇ ಪರೀಕ್ಷೆಯಾಗಿ ಮುಗಿದ ಕೆಲಸ. ಎದ್ದು ಬರದೆ ಇರೋದು ಇದು.”

ಸಾಹೇಬರು ಚಹಾದ ಲೋಟ ಕೆಳಗಿಟ್ಟರು. ನೇತ್ರಾವತಿ ಗಡಿಯಾರ ನೋಡಿದಳು. ನೋಡಬೇಡ, ಇದಕ್ಕೆ ಹತ್ತು ನಿಮಿಷ ಸಾಕು ಎಂದು ಹೇಳಿ ಅವರು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ರೇಷ್ಮೆಹುಳು ಸಾಕುತ್ತಿದ್ದ. ಹೊಳೆಯ ಆಚೆಗೆ ಒಬ್ಬ ವ್ಯಾಪಾರಿಯಿದ್ದ. ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ. ಇಬ್ಬರಿಗೂ ಒಪ್ಪಂದವಾಯಿತು. ಈ ಬೆಳೆಯ ಗೂಡೆಲ್ಲ ವ್ಯಾಪಾರಿಗೆ. ಗೂಡೆಲ್ಲ ಬಂದು ಸೇರಿದ ಮೇಲೆ ವ್ಯಾಪಾರಿಯ ನಲವತ್ತು ಚಂದ್ರಿಕೆ ರೈತನಿಗೆ.

ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟೆ. ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುತ್ತಿರುತ್ತಾರೆ. ಹಣ್ಣಾದ ಹುಳು ಆ ಸುರುಳಿಯ ಸಂದಿನಲ್ಲಿ ಕೂತು ಗೂಡು ಕಟ್ಟುತ್ತದೆ. ರೈತನಿಗೆ ಇನ್ನೊಂದು ಕೋಣೆಯ ತುಂಬ ಹುಳು ಬೆಳೆಯುತ್ತಿತ್ತು. ಅದಕ್ಕೆ ಅವನ ಬಳಿ ಚಂದ್ರಿಕೆ ಇರಲಿಲ್ಲ.

ವ್ಯಾಪಾರಿಗೂ ಅವಸರವಿತ್ತು. ಗೂಡಿನೊಳಗಿನ ಹುಳು ಬದುಕಿರುತ್ತದೆ. ದಿನ ತುಂಬಿದರೆ ಚಿಟ್ಟೆಯಾಗಿ ಗೂಡಿನ ಮೂತಿ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಎಳೆಯಲಾಗುವುದಿಲ್ಲ. ಅದಕ್ಕೆ ಮೊದಲೇ ಬೇಯಿಸಿಬಿಡಬೇಕು. ಆದರೆ ಬೆಳೆ ಅರ್ಧ ಬಂದಾಗಲೇ ಒಲೆ ಹಚ್ಚುವವನಲ್ಲ ಅವನು. ಎಲ್ಲ ಸೇರಿದ ಮೇಲೆ ಆರಿಸಿ, ಒಂದೇ ಸಲ ಬೇಯಿಸಿದರೆ ನೂಲು ಒಂದೇ ಸಮ ಬರುತ್ತದೆ ಎಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪೇನಲ್ಲ.

ಒಪ್ಪಂದದಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ಎಷ್ಟು ಬುಟ್ಟಿ ಎಂದು ರೈತ ಹೇಳಲಿಲ್ಲ, ವ್ಯಾಪಾರಿಯೂ ಕೇಳಲಿಲ್ಲ. ಬಿಡಿಸುವ ಮೊದಲೇ ಗೂಡನ್ನು ಎಣಿಸಿದರೆ ದೃಷ್ಟಿ ತಾಗುತ್ತದೆ ಎಂದು ಆ ಕಡೆಯ ನಂಬಿಕೆ.

ವ್ಯಾಪಾರಿಯ ಗೂಡಿನ ಕೋಣೆಗೆ ಹೊರಗಿನಿಂದ ಬಾಗಿಲಿಲ್ಲ. ನೊಣ ಬಂದು ಗೂಡು ಕೆಡಿಸುತ್ತದೆಂದು ಎತ್ತರದಲ್ಲಿ ಒಂದು ಕಿಟಕಿ ಇಟ್ಟು, ಪರದೆ ಕಟ್ಟಿ, ಒಳಗಡೆಗೆ ಇಳಿಜಾರಾಗಿ ಹಲಗೆ ಹಾಕಿದ್ದ. ರೈತ ಹೊಳೆ ದಾಟಿ ಬುಟ್ಟಿ ಹೊತ್ತು ಬರುತ್ತಿದ್ದ. ಕಿಟಕಿಗೆ ಗೂಡು ಸುರಿಯುತ್ತಿದ್ದ. “ಬರ್ತೀನಿ” ಎನ್ನುತ್ತಿದ್ದ. ಖಾಲಿ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದ. ಒಳಗೆ ಕೂತ ವ್ಯಾಪಾರಿಗೆ ಹಲಗೆಯ ಮೇಲೆ ಜಾರಿ ಬರುವ ಗೂಡು ಕಾಣುತ್ತಿತ್ತು, ಆ ಒಂದು ಮಾತು ಕೇಳುತ್ತಿತ್ತು. ಅಷ್ಟೇ.

ಮೊದಲನೆಯ ದಿನ ಐದು ಬುಟ್ಟಿ ಬಂತು. ಎರಡನೆಯ ದಿನ ಮಧ್ಯಾಹ್ನದೊಳಗೆ ನಾಲ್ಕು ಬಂತು. ಒಂಬತ್ತನೆಯ ಬುಟ್ಟಿ ಸುರಿದು ರೈತ ಬರ್ತೀನಿ ಎಂದ. ಹೋದ.

ನಮ್ಮ ಕಡೆ ಹೊರಡುವವನು ಹೋಗುತ್ತೇನೆ ಎನ್ನುವುದಿಲ್ಲ. ಗೂಡಿನ ರಾಶಿಯ ಮುಂದೆ ನಿಂತು ಮುಗಿಯಿತು ಎಂದೂ ಯಾರೂ ಬಾಯಿ ಬಿಡುವುದಿಲ್ಲ. ಎಂಟು ಸಲ ಬರ್ತೀನಿ ಎಂದಾಗ ಇನ್ನೊಂದು ಬುಟ್ಟಿ ತರುತ್ತೇನೆ ಎಂದು ಅರ್ಥ. ಒಂಬತ್ತನೆಯ ಸಲ ಅದೇ ಮಾತಿಗೆ ನಾನಿನ್ನು ಹೊರಟೆ ಎಂದು ಅರ್ಥ. ಮಾತು ಒಂದೇ. ಪರದೆಯ ಒಳಗೆ ಕೂತವನಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ವ್ಯಾಪಾರಿ ಹತ್ತನೆಯ ಬುಟ್ಟಿಗೆ ಕಾದ.

ಆ ದಿನ ಸಂಜೆಯಾಯಿತು. ಬರಲಿಲ್ಲ. ಮೂರನೆಯ ದಿನ ಬೆಳಗಾಯಿತು. ಬರಲಿಲ್ಲ. ವ್ಯಾಪಾರಿ ಬಡಗಿಯನ್ನು ಕರೆಸಿ ಹಲಗೆಗೆ ರಂದ ಹೊಡೆಸಿದ, ಗೂಡು ಸಲೀಸಾಗಿ ಜಾರಲಿ ಎಂದು. ಕಿಟಕಿ ಚಿಕ್ಕದಾಯಿತೇನೋ ಎಂದು ಒಂದು ಮೊಳ ಅಗಲ ಮಾಡಿಸಿದ. ತಾನು ಮೈಮರೆತಾಗ ರೈತ ಬಂದು ವಾಪಸ್ಸು ಹೋಗಿರಬಹುದೆಂದು ಒಂದು ಗಂಟೆ ಕಟ್ಟಿಸಿದ. ತಾಸಿಗೊಮ್ಮೆ ಎದ್ದು ಪರದೆ ಸರಿಸಿ ನೋಡಿದ, ಮತ್ತೆ ಕೂತ. ಕಿಟಕಿ ಇಡೀ ಊರಿನಲ್ಲಿ ಒಳ್ಳೆಯ ಕಿಟಕಿಯಾಯಿತು. ಅದರೊಳಗೆ ಬರುವುದೇನೂ ಉಳಿದಿರಲಿಲ್ಲ.

ಇಲ್ಲಿ ನೇತ್ರಾವತಿ ತಲೆ ತಗ್ಗಿಸಿದಳು. ಸಾಹೇಬರು ಕಾಣದವರಂತೆ ಮುಂದುವರಿದರು.

ಹೊಳೆ ದಾಟಿ ಕೇಳಿಕೊಂಡು ಬಾ ಎಂದು ವ್ಯಾಪಾರಿಯ ತಾಯಿ ಎರಡು ಸಲ ಹೇಳಿದಳು. ಅವನು ಹೋಗಲಿಲ್ಲ. ಹೋಗಿ ಕೇಳಿದರೆ ಗೂಡು ಮುಚ್ಚಿಟ್ಟುಕೊಂಡಿದ್ದೀಯಾ ಎಂದ ಹಾಗಾಗುತ್ತದೆ ಎಂದ. ಬರ್ತೀನಿ ಎಂದಿದ್ದಾನೆ, ಬರುತ್ತಾನೆ ಎಂದ. ರಾಶಿಯಿಂದ ಒಂದು ಗೂಡು ತೆಗೆದು ಕಿವಿಯ ಬಳಿ ಅಲ್ಲಾಡಿಸಿದ. ಒಳಗಿನದು ಗಟ್ಟಿಯಾಗಿ ತಟ್ಟಲಿಲ್ಲ. ಇನ್ನೊಂದನ್ನು ಬೆಳಕಿಗೆ ಹಿಡಿದ. ಮೂತಿಯ ಹತ್ತಿರ ಒದ್ದೆಯಾದಂಥ ಕಲೆ ಕಾಣಿಸಿತು. ಅದನ್ನು ರಾಶಿಯ ಅಡಿಗೆ ತಳ್ಳಿ, ನೋಡಲಿಲ್ಲವೆಂಬಂತೆ ಕೂತ.

ಹೊಳೆಯ ಆಚೆ ರೈತನೂ ಕೂತಿದ್ದ. ತನ್ನ ಕಡೆಯದನ್ನು ತಾನು ಪೂರ್ತಿ ಕೊಟ್ಟಾಗಿದೆ. ಗೂಡು ಸೇರಿತು ಎಂದು ವ್ಯಾಪಾರಿ ಹೇಳಿಕಳಿಸಬೇಕು, ಚಂದ್ರಿಕೆ ಬರಬೇಕು. ಅವನು ದಾರಿ ನೋಡಿದ. ಮನೆಯಲ್ಲಿ ಹುಳು ಹಣ್ಣಾಗತೊಡಗಿತ್ತು. ಸೊಪ್ಪು ಹಾಕಿದರೆ ಮುಟ್ಟುತ್ತಿರಲಿಲ್ಲ. ಮೈ ಗಾಜಿನಂತಾಗಿ, ತಲೆ ಎತ್ತಿ, ಹಿಡಿದು ಕೂರಲು ಜಾಗ ಹುಡುಕುತ್ತ ತಟ್ಟೆಯ ಅಂಚಿಗೆ ಬರುತ್ತಿತ್ತು. ಹೆಂಡತಿ ಅವನ್ನು ಎತ್ತೆತ್ತಿ ಒಳಗೆ ಹಾಕುತ್ತಿದ್ದಳು. ಹೋಗಿ ಚಂದ್ರಿಕೆ ಕೇಳು ಎಂದಳು. ಹೋಗಿ ನಿಂತರೆ ನನ್ನನ್ನು ನಂಬಲಿಲ್ಲವೇ ಎನ್ನುತ್ತಾನೆ, ಕೊಡುವವನು ಕೊಡುತ್ತಾನೆ ಎಂದ ರೈತ.

ಇಬ್ಬರೂ ಮರ್ಯಾದಸ್ಥರು. ಕಳ್ಳರಾಗಿದ್ದರೆ ಮೂರನೆಯ ದಿನವೇ ಹೊಳೆಯ ನಡುವೆ ನಿಂತು ಜಗಳ ಆಡುತ್ತಿದ್ದರು, ಕೆಲಸವೂ ಆಗುತ್ತಿತ್ತು.

ನಾಲ್ಕನೆಯ ದಿನ ಬುಟ್ಟಿ ಹೆಣೆಯುವ ಒಬ್ಬ ಹೆಂಗಸು ವ್ಯಾಪಾರಿಯ ಮನೆಗೆ ಬಂದಳು. ಹಳೆಯ ಬುಟ್ಟಿಗಳಿಗೆ ಕಟ್ಟು ಹಾಕಿಕೊಡುವುದು ಅವಳ ಕಸುಬು. ಈಗ ಬೇಡ, ರೈತನ ಗೂಡು ಇನ್ನೂ ಬರಬೇಕು, ಅದು ಬಂದಮೇಲೆ ನೋಡೋಣ ಎಂದ ವ್ಯಾಪಾರಿ. ಅವಳು ಬೆಳಗ್ಗೆಯಷ್ಟೇ ರೈತನ ಮನೆಯಿಂದ ಬಂದಿದ್ದಳು.

“ಇನ್ನೆಲ್ಲಿಯ ಗೂಡು, ಯಜಮಾನರೇ? ಅವರ ಅಂಗಳದಲ್ಲಿ ಬುಟ್ಟಿ ತೊಳೆದು ಬೋರಲು ಹಾಕಿ ಎರಡು ದಿನ ಆಯ್ತು.”

“ಬರ್ತೀನಿ ಅಂತ ಹೇಳಿ ಹೋದನಲ್ಲ.”

“ನಾನೂ ನಿಮ್ಮ ಬಾಗಿಲಿಂದ ಹೊರಡುವಾಗ ಬರ್ತೀನಿ ಅಂತಲೇ ಅನ್ನೋದು. ಊಟಕ್ಕೆ ಎಲೆ ಹಾಕ್ಕೊಂಡು ಕಾಯ್ತೀರಾ?”

ವ್ಯಾಪಾರಿ ಎದ್ದ. ಒಲೆ ಹಚ್ಚಿಸಿದ. ಚಂದ್ರಿಕೆಗಳನ್ನು ಹೊಳೆ ದಾಟಿಸಿದ. ಒಂಬತ್ತು ಬುಟ್ಟಿಯಲ್ಲಿ ನಾಲ್ಕು ಬುಟ್ಟಿ ತೂತಾಗಿತ್ತು. ಐದರಿಂದ ನೂಲು ಬಂತು. ರೈತನ ಮನೆಯಲ್ಲಿ ನಲವತ್ತು ಚಂದ್ರಿಕೆಗಾಗುವ ಹುಳುವಿನಲ್ಲಿ ಹದಿನೈದರಷ್ಟು ಆಗಲೇ ಗೋಡೆಗೆ, ಗಳಕ್ಕೆ, ಪೊರಕೆಗೆ ಗೂಡು ಕಟ್ಟಿಬಿಟ್ಟಿತ್ತು. ಪೊರಕೆಯ ಕಡ್ಡಿಗೆ ಅಂಟಿದ ಗೂಡನ್ನು ಯಾರೂ ಕೊಳ್ಳುವುದಿಲ್ಲ.

ಮುಂದಿನ ಬೆಳೆಗೂ ಅವರಿಬ್ಬರೇ ಒಪ್ಪಂದ ಮಾಡಿಕೊಂಡರು. ನಷ್ಟ ಒಟ್ಟಿಗೇ ಆಗಿತ್ತು, ಬುದ್ಧಿಯೂ ಒಟ್ಟಿಗೇ ಬಂದಿತ್ತು. ಈ ಸಲವೂ ಯಾರೂ ಬುಟ್ಟಿ ಎಣಿಸಲಿಲ್ಲ. ಮುಗಿಯಿತು ಎಂಬ ಮಾತನ್ನೂ ಆಡಲಿಲ್ಲ. ರೈತ ಕೊನೆಯ ಬುಟ್ಟಿ ಸುರಿದವನು ಅದನ್ನು ಎತ್ತಿಕೊಂಡು ಹೋಗಲಿಲ್ಲ. ಕಿಟಕಿಯ ಹಲಗೆಯ ಮೇಲೆ ಬೋರಲು ಹಾಕಿದ. ಬೋರಲು ಹಾಕಿದ ಬುಟ್ಟಿಯಲ್ಲಿ ಏನನ್ನೂ ತರಲಾಗುವುದಿಲ್ಲ. ಅದು ಮಗುವಿಗೂ ತಿಳಿಯುತ್ತದೆ. ಆದರೆ ಅವನು ಮನೆಗೆ ಹೋಗಲಿಲ್ಲ. ಅಲ್ಲೇ ಕಿಟಕಿಯ ಕೆಳಗೆ ಕೂತ. ಕೊಡುವುದು ನಿಂತಿತ್ತು, ಪಡೆಯುವುದು ನಿಂತಿರಲಿಲ್ಲ. ವ್ಯಾಪಾರಿ ಬೋರಲು ಬುಟ್ಟಿ ನೋಡಿದ, ಸೇರಿತು ಎಂದ, ಅದೇ ಕಿಟಕಿಯಿಂದ ಚಂದ್ರಿಕೆಗಳನ್ನು ಹೊರಗೆ ಕೊಟ್ಟ. ಕಿಟಕಿ ಅಗಲ ಮಾಡಿಸಿದ್ದು ಅದಕ್ಕಾದರೂ ಬಂತು.

ಇನ್ನೊಂದನ್ನೂ ಮಾಡಿದ. ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದ. ಬಿಸಿಲು ಆ ಗೆರೆ ದಾಟುವುದರೊಳಗೆ ತುಂಬಿದ ಬುಟ್ಟಿಯೂ ಬರಲಿಲ್ಲ, ಬೋರಲು ಬುಟ್ಟಿಯೂ ಕಾಣಲಿಲ್ಲ ಎಂದರೆ ಎದ್ದು ಪರದೆ ಸರಿಸಿ ಮತ್ತೆ ಕೂರುವುದಿಲ್ಲ, ಹೊಳೆ ದಾಟುವುದು.

ಸಾಹೇಬರು ಕತೆ ನಿಲ್ಲಿಸಿದರು. ಚಹಾ ಆರಿಹೋಗಿತ್ತು.

ನೇತ್ರಾವತಿ ತನ್ನಷ್ಟಕ್ಕೆ ತಾನು ಹೇಳಿಕೊಂಡಳು. ತಕ್ಕಡಿ ತೂಕವೆಲ್ಲ ಕಳಿಸಿ, ಲೈನು ತೆರೆದಿಟ್ಟುಕೊಂಡು, ತಲುಪಿತು ಎಂಬ ಉತ್ತರಕ್ಕೆ ರಿಸೀವ್‌ನಲ್ಲಿ ಕೂತಿದೆ. ಕಚೇರಿಯ ಪ್ರೋಗ್ರಾಮು ಸೊನ್ನೆ ಬಂದಮೇಲೆ ಉತ್ತರ ಕೊಡೋಣವೆಂದು ರಿಸೀವ್‌ನಲ್ಲಿ ಕೂತಿದೆ. ಎಬ್ಬಿಸಬೇಕಾದದ್ದು ಇದನ್ನಲ್ಲ. ಇಷ್ಟು ಹೇಳಿಕೊಂಡು ಎದ್ದಳು. ಚಪ್ಪಲಿ ಹುಡುಕುತ್ತ, “ಬರ್ತೀನಿ, ಸಾಹೇಬ್ರೇ” ಎಂದಳು. ಎಂದವಳು ನಾಲಿಗೆ ಕಚ್ಚಿಕೊಂಡಳು.

“ಬುಟ್ಟಿ ಬೋರಲು ಹಾಕಿ ಬಾ, ತಾಯಿ,” ಎಂದರು ಸಾಹೇಬರು.

ಅವಳು ಬದಲಾಯಿಸಿದ್ದು ಎರಡೇ ಕಡೆ. ತಕ್ಕಡಿಯ ಪ್ರೋಗ್ರಾಮಿನಲ್ಲಿ ಕೊನೆಯ ತೂಕ ಕಳಿಸಿದ ಕೆಳಗೆ ಒಂದು ಸಾಲು ಸೇರಿಸಿದಳು: ನನ್ನಿಂದ ಬರುವುದು ಇಷ್ಟೇ, ನಿನ್ನಿಂದ ಬರುವುದಕ್ಕೆ ದಾರಿ ತೆರೆದಿದೆ. ಲೈನು ಪೂರ್ತಿ ಮುಚ್ಚಲಿಲ್ಲ. ಮುಚ್ಚಿದ್ದರೆ ಉತ್ತರ ಬರುವ ದಾರಿಯೇ ಹೋಗುತ್ತಿತ್ತು. ಕಚೇರಿಯ ಕಡೆ ಐದು ಸೆಕೆಂಡಿನ ಏರ್ಪಾಟನ್ನು ತೆಗೆಯಲಿಲ್ಲ, ತಿದ್ದಿದಳು. ಈಗ ಅದು ಎದ್ದು ಮತ್ತೆ ಕೂರುವುದಿಲ್ಲ. ಯಾವ ತಕ್ಕಡಿ ಸುಮ್ಮನಾಗಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಹನ್ನೆರಡು ತಕ್ಕಡಿಗೂ ಹೊಸ ಪ್ರೋಗ್ರಾಮು ತುಂಬಿ ಮುಗಿಸುವಾಗ ಹತ್ತಕ್ಕೆ ನಾಲ್ಕು ನಿಮಿಷವಿತ್ತು.

ಗಂಟೆ ಹೊಡೆಯಿತು. ಮೊದಲನೆಯ ಲಾಟು ಐದು ಬುಟ್ಟಿಯದು. ಒಂದೊಂದು ತೂಕವೂ ಪರದೆಯ ಮೇಲೆ ಬಂದು ಕೂತಿತು. ಐದನೆಯದು ಬಂತು. ಪರದೆ ಸುಮ್ಮನಾಯಿತು. ಹರಾಜಿನ ಅಧಿಕಾರಿ ಜೇಬಿನ ಪೆನ್ನಿಗೆ ಕೈ ಹಾಕಿದರು. ನೇತ್ರಾವತಿ ಮೇಜಿನ ಅಂಚು ಹಿಡಿದುಕೊಂಡಳು. ತಲುಪಿತು ಎಂದು ಬಂತು. ಅಧಿಕಾರಿ ಪೆನ್ನು ಬಿಟ್ಟು ಕೈ ಹೊರಗೆ ತೆಗೆದರು.

ಹನ್ನೊಂದೂವರೆಗೆ ಏಳನೆಯ ತಕ್ಕಡಿ ಸುಮ್ಮನಾಗಿದೆ ಎಂದು ಪರದೆ ಹೇಳಿತು. ನೇತ್ರಾವತಿ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ತಕ್ಕಡಿಯ ಹತ್ತಿರ ನಡೆದಳು. ಒಬ್ಬ ರೈತ ಗೋಣಿಚೀಲ ಎಳೆಯುವಾಗ ತಂತಿ ಕಿತ್ತುಬಂದಿತ್ತು. ಅದನ್ನು ಸಿಕ್ಕಿಸಿ ಬಂದಳು.

ಎರಡು ಗಂಟೆಗೆ ಅವಳು ಅಂಗಡಿಗೆ ವಾಪಸ್ಸು ಬಂದು ಲೆಕ್ಕ ಒಪ್ಪಿಸಿದಳು. ತಕ್ಕಡಿ ಹನ್ನೆರಡು. ಲಾಟು ಇನ್ನೂರ ಎಂಬತ್ತಾರು. ನಿಂತದ್ದು ಒಂದು, ಅದೂ ತಂತಿಯಿಂದ. ತಕ್ಕಡಿಯ ತೂಕಕ್ಕೂ ಪರದೆಯ ತೂಕಕ್ಕೂ ವ್ಯತ್ಯಾಸ ಇಲ್ಲ. ಆರ್ಡರು ಬರವಣಿಗೆಯಲ್ಲಿ ಕೈಗೆ ಬಂದಿದೆ.

ಸಾಹೇಬರು ಆರ್ಡರಿನ ಕಾಗದ ತೆಗೆದುಕೊಂಡು, ಎರಡು ಸಲ ಓದಿ, ಮಡಿಸಿ ಪೆಟ್ಟಿಗೆಯಲ್ಲಿಟ್ಟರು.

ನೇತ್ರಾವತಿಗೆ ಈಗ ಸಮಾಧಾನವಾಗಿತ್ತು. ಸಮಾಧಾನವಾದವರಿಗೆ ನ್ಯಾಯ ಕೇಳುವ ಮನಸ್ಸಾಗುತ್ತದೆ.

“ಒಂದು ಮಾತು ಉಳಿದುಹೋಯ್ತು, ಸಾಹೇಬ್ರೇ. ಆ ಕತೆಯಲ್ಲಿ ತಪ್ಪು ಯಾರದು? ಹೇಳದೆ ಹೋದ ರೈತನದಾ, ಕೇಳದೆ ಕೂತ ವ್ಯಾಪಾರಿದಾ?”

ಸಾಹೇಬರು ಪೆಟ್ಟಿಗೆಗೆ ಬೀಗ ಹಾಕಿದರು.

“ಅವರಿಬ್ಬರ ಮಧ್ಯೆ ಒಂದು ಹೊಳೆಯಾದರೂ ಇತ್ತು, ಮೂರು ತಿಂಗಳ ಹಿಂದೆ ಆ ತಕ್ಕಡಿಯ ಪ್ರೋಗ್ರಾಮು ಬರೆದದ್ದು ಯಾರಮ್ಮ?”

ನೇತ್ರಾವತಿ ತನ್ನ ಎದೆಯ ಕಡೆಗೇ ಬೆರಳು ತೋರಿಸಿದಳು.